ಒಣಗಿಸಿ ತೋರಿಸಿದ ಕೆಂಪು

ಬೈಕಿನ ಹೆಡ್‌ಲೈಟಿನ ಸುತ್ತ ಕೂರಿಸುವ ಫೈಬರ್ ಹೊದಿಕೆಗೆ ಫೇರಿಂಗ್ ಎನ್ನುತ್ತಾರೆಂದು ನನಗೆ ತಿಳಿದದ್ದು ಎಂಬತ್ತರ ದಶಕದ ನಡುವೆ, ಬೆಳ್ತಂಗಡಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ. ಮಂಗಳೂರಿನಿಂದ ನನ್ನ ಬೈಕಿಗೆ ಒಂದನ್ನು ತರಿಸಿದೆ. ಬಣ್ಣವಿಲ್ಲದ ಬೂದು ಫೈಬರ್. ಅದನ್ನೂ ಎರಡು ಸೈಡ್ ಕವರುಗಳನ್ನೂ ಗೋಣಿಯಲ್ಲಿ ಸುತ್ತಿ, ಬಣ್ಣ ಹೊಂದಿಸಲು ಬೈಕಿನ ಟ್ಯಾಂಕನ್ನೂ ಪೆಟ್ರೋಲ್ ಬರಿದುಮಾಡಿ ಕಳಚಿಕೊಂಡು, ಆಷಾಢದ ಒಂದು ಮಧ್ಯಾಹ್ನ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋದೆ. ಅಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆಯುವ ಒಬ್ಬ ಪೇಂಟರ್ ಇದ್ದರು. ಕೈ ಒಳ್ಳೆಯದೆಂದು ಹೆಸರು.

ಟ್ಯಾಂಕಿನ ಕೆಂಪು ಬಿಸಿಲಿಗೆ ಬಾಡಿತ್ತು. ಹೊಸ ಭಾಗಗಳಿಗೆ ಕಂಪೆನಿಯ ಮೂಲ ಕೆಂಪೋ, ಟ್ಯಾಂಕಿಗೆ ಹೊಂದುವ ಬಾಡಿದ ಕೆಂಪೋ? ಪೇಂಟರ್ ಎರಡನ್ನೂ ಕಲಸಿದರು. ಮೊದಲನೆಯದನ್ನು ಮಾದರಿಗೆಂದು ಒಂದು ಸಣ್ಣ ತಗಡಿನ ಅರ್ಧಕ್ಕೆ ಹೊಡೆದು, ಸ್ಪ್ರೇ ಗನ್ನನ್ನು ಬಣ್ಣ ತೆಳುಮಾಡುವ ತಿನ್ನರಿನಲ್ಲಿ ತೊಳೆದು, ತೊಳೆದ ತಿನ್ನರನ್ನು ಅಲ್ಲೇ ಮೂಲೆಗೆ ಚಿಮ್ಮಿಸಿ, ಎರಡನೆಯದನ್ನು ಇನ್ನೊಂದು ಅರ್ಧಕ್ಕೆ ಹೊಡೆದರು. ಮಳೆಯ ಇರಚಲು ಒಳಗೆ ಬಾರದಂತೆ ಅಂಗಡಿಯ ಬಾಗಿಲನ್ನು ಮುಕ್ಕಾಲು ಮುಚ್ಚಿದ್ದರು.

"ಈಗ ನೋಡಿದ್ರೆ ಗೊತ್ತಾಗುದಿಲ್ಲ ಮಾಸ್ಟ್ರೆ. ಒಣಗಿದ ಮೇಲೆ ಕಪ್ಪಾಗ್ತದೆ. ಈ ಥಂಡಿಗೆ ಒಂದು ಗಂಟೆ ಬೇಕು."

"ನನಗೆ ಐದೂವರೆಯ ಬಸ್ಸು ಉಂಟು. ಹೇಗಾದರೂ ಒಣಗಿಸಿ ತೋರಿಸಿ," ಎಂದೆ.

ಪಕ್ಕದ ಕೋಣೆಯ ಟೈಲರ್ ಬಾಗಿಲಲ್ಲಿ ತಲೆ ಹಾಕಿ ನಕ್ಕರು. "ಮದುಮಗಳ ಸೀರೆಗೂ ಇಷ್ಟು ಹೊತ್ತು ಹಿಡಿಯುದಿಲ್ಲ ಮಾರಾಯ್ರೆ!"

"ನಗುದು ಸಾಕು, ನಿಮ್ಮ ಇಸ್ತ್ರಿ ಪೆಟ್ಟಿಗೆ ಕೊಡಿ," ಎಂದರು ಪೇಂಟರ್.

ಟೈಲರ್ ತೆಂಗಿನ ಗೆರಟೆಯ ಕೆಂಡ ತುಂಬಿದ ಪೆಟ್ಟಿಗೆ ತಂದುಕೊಟ್ಟು ಹೋದರು. ಮಳೆಗಾಲದಲ್ಲಿ ಸಣ್ಣ ತಗಡುಗಳನ್ನು ಅದರ ಮೇಲೆ ಹಿಡಿದು ಒಣಗಿಸುವುದು ಅವರಿಬ್ಬರಿಗೂ ರೂಢಿ. ಆದರೆ ಬೇರೆ ದಿನ ಪೆಟ್ಟಿಗೆ ಹೊರಗಿನ ಜಗಲಿಯಲ್ಲಿರುತ್ತಿತ್ತು. ಆ ದಿನ ಜಗಲಿಯ ಮೇಲೆ ನೀರು ಹರಿಯುತ್ತಿತ್ತು. ಪೇಂಟರ್ ಅದನ್ನು ಒಳಗೆ, ನೆಲದ ಮೇಲೆ ಇಟ್ಟು, ಮುಚ್ಚಳ ತೆರೆದು ಕುಕ್ಕರುಗಾಲಿನಲ್ಲಿ ಕೂತರು.

ತಿನ್ನರಿನ ಆವಿ ಗಾಳಿಗಿಂತ ಭಾರ. ಅದು ನೆಲಕ್ಕಂಟಿ ಹರಿಯುತ್ತದೆ, ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಇದನ್ನು ನಾನು ಬಿ.ಎಸ್ಸಿ.ಯಲ್ಲಿ ಓದಿದ್ದೆ. ಪ್ರತಿ ವರ್ಷ ಮಕ್ಕಳಿಗೆ ಸ್ಪಿರಿಟ್ ದೀಪ ತೋರಿಸುವಾಗ ಹೇಳುತ್ತಲೂ ಇದ್ದೆ. ಅಲ್ಲಿ ಆ ವಾಸನೆಗೆ ನನ್ನ ಕಣ್ಣು ಉರಿಯುತ್ತಿತ್ತು. ಬೇಡ ಎನ್ನಬೇಕೆಂದು ಅನ್ನಿಸಿತು ಕೂಡ. ಅಷ್ಟರಲ್ಲಿ ತಗಡಿನ ಎಡ ಅರ್ಧ ಒಣಗಿ ಗಾಢವಾಗತೊಡಗಿತು. ನಾನು ಬಗ್ಗಿ ಅದನ್ನೇ ನೋಡಿದೆ.

ಸದ್ದು ದೊಡ್ಡದಿರಲಿಲ್ಲ. ಒದ್ದೆ ಬಟ್ಟೆ ಒದರಿದ ಹಾಗೆ. ನೆಲದ ಮೇಲೆ ನೀಲಿ ಓಡಿತು, ಮೂಲೆಯಲ್ಲಿ ಎದ್ದು ನಿಂತಿತು, ತಿರುಗಿ ಬಂದು ಪೇಂಟರರ ಕೈಗಳನ್ನೂ ಎದೆಯನ್ನೂ ಹಿಡಿಯಿತು. ನಾನು ಬಾಗಿಲ ಹತ್ತಿರವಿದ್ದೆ. ಹೊರಗೆ ಹಾರಿ ಮಳೆಯಲ್ಲಿ ನಿಂತು, "ಬೇಡ, ಬೇಡ!" ಎಂದು ಕೂಗಿದೆ. ಒಳಗೆ ನುಗ್ಗಿದವರು ಟೈಲರ್. ಜಗಲಿಯ ಒದ್ದೆ ಗೋಣಿಯನ್ನು ಹೊದಿಸಿ ಅವರನ್ನು ಎಳೆದು ತಂದರು.

ಪೇಂಟರ್ ಬದುಕಿದರು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿ ಮಡಚಿಕೊಂಡವು. ಎರಡು ತಿಂಗಳಾದ ಮೇಲೆ ಮನೆಗೆ ಹೋದಾಗ ಅವರ ಹೆಂಡತಿ ನನಗೆ ಚಾಪೆ ಹಾಸಿ, ಚಾ ಕೊಟ್ಟು, ಕೈಮುಗಿದರು.

"ಇವರು ಬೇಡ ಬೇಡ ಅಂತ ಬೊಬ್ಬೆ ಹಾಕಿದ್ದು ನನ್ನ ಕಿವಿಯಲ್ಲಿ ಈಗಲೂ ಉಂಟು," ಎಂದು ಪೇಂಟರ್ ಹೆಂಡತಿಗೆ ಹೇಳಿದರು. "ನಾನೇ ಕೇಳ್ಲಿಲ್ಲ."

ಚಾ ಕುಡಿದೆ. ಆ ಕೂಗು ಯಾವಾಗಿನದೆಂದು ಹೇಳಲಿಲ್ಲ.

ಟೈಲರಿಗೆ ಗೊತ್ತಿತ್ತು. ಅವರ ಅಂಗಡಿಯ ಮುಂದೆ ನಿಂತು ಬಾಯಿ ತೆರೆದಾಗ ಅವರು ಮಿಷನ್ನಿನಿಂದ ತಲೆ ಎತ್ತಲಿಲ್ಲ. "ಬಿಡಿ ಮಾಸ್ಟ್ರೆ. ಪೆಟ್ಟಿಗೆ ನನ್ನದೇ ಅಲ್ವಾ? ಅವರು ಹಾಗೇ ತಿಳ್ಕೊಳ್ಳಲಿ."

ಪೇಂಟರ್ ಹಾಗೇ ತಿಳಿದುಕೊಂಡರು. ಗನ್ ಹಿಡಿಯಲಾಗದೆ, ಬೇರೆಯವರಿಂದ ಕೆಲಸ ಮಾಡಿಸುತ್ತ ಅಂಗಡಿಯಲ್ಲಿ ಕೂರುತ್ತಿದ್ದರು. ಬಂದ ಗಿರಾಕಿಗಳಿಗೆಲ್ಲ ಆ ಕೈ ತೋರಿಸಿ, ಓದಿದವರು ಹೇಳಿದ ಮಾತು ಕೇಳಬೇಕು ಎನ್ನುತ್ತಿದ್ದರಂತೆ.