ಡಬ್ಬಿಯ ಮೇಲೆ ನಗುತ್ತಿದ್ದ ಹೆಂಗಸು

ಇವತ್ತು ಹಗರಿಬೊಮ್ಮನಹಳ್ಳಿಯ ಗೊಬ್ಬರದಂಗಡಿಯಲ್ಲಿ ಕಳೆನಾಶಕದ ಘಾಟು ಮೂಗಿಗೆ ಬಡಿದು, ಗುಡೇಕೋಟೆಯ ನಮ್ಮ ಚಿಗವ್ವ ನೆನಪಾದಳು.

ಚಿಗವ್ವನಿಗೆ ಓದು ಬಾರದು. ಒಂದು ವರ್ಷ ಮನೆಗೆ ಬಂದ ಕಳೆನಾಶಕದ ಹೊಸ ಡಬ್ಬಿಯ ಮೇಲೆ ಹಸಿರು ಹೊಲವಿತ್ತು, ಜೋಳದ ತೆನೆ ಹಿಡಿದು ನಗುವ ಹೆಂಗಸಿದ್ದಳು. ವಿಷದ ಗುರುತು ಹಿಂಬದಿಯಲ್ಲಿ, ಗುಲಗಂಜಿಯಷ್ಟು. ಹೊಲಕ್ಕೆ ಹೊಡೆಯಲೆಂದು ಚಿಗವ್ವ ಡಬ್ಬಿಯಲ್ಲಿದ್ದುದನ್ನು ನೀರಿಗೆ ಸುರಿದು ಬರಿಗೈಯಲ್ಲೇ ಕಲಕಿದಳು. ಮೂರು ದಿನದೊಳಗೆ ಬಲಗೈಯ ಚರ್ಮ ಸುಲಿದು, ಉಗುರುಗಳು ಕಪ್ಪಾದವು.

"ವಿಷ ಅಂತ ಬರದೈತಲ್ಲ, ನೋಡಬಾರದೇನಮ್ಮ?" ಎಂದು ಡಾಕ್ಟರು ಗದರಿದರು.

"ನೋಡೇ ಕಲಕೀನ್ರಿ. ಅದ್ರ ಮ್ಯಾಲಿನ ಹೆಣ್ಮಗಳು ನಕ್ಕೊಂತ ನಿಂತಾಳ, ವಿಷ ಅಂತ ಹೆಂಗ ತಿಳೀತೈತ್ರಿ?" ಎಂದಳು ಚಿಗವ್ವ.

ಮನೆಯವರೆಲ್ಲ ಅವಳನ್ನೇ ದಡ್ಡಿ ಎಂದರು. ನಾನೂ ನಕ್ಕಿದ್ದೆ. ಆ ಚಿತ್ರ ಹಾಕಿಸಿದವರನ್ನು ಒಬ್ಬರೂ ಬೈಯಲಿಲ್ಲ. ಆಮೇಲೆ ಅವರ ಮೇಲೆ ಬಂದ ಸಿಟ್ಟು ನನಗೆ ಇನ್ನೂ ಆರಿಲ್ಲ. ಚಿಗವ್ವ ಈಗಲೂ ರೊಟ್ಟಿ ಬಡಿಯುವುದು ಎಡಗೈಯಲ್ಲಿ.