ರುಚಿ ನೋಡುವವಳು

ಇಸ್ತ್ರಿ ಅಂಗಡಿಯಲ್ಲಿ ಅವಳಿಗೆ ಪುಕ್ಕಲಮ್ಮ ಎಂದೇ ಹೆಸರು. ಬಿರುದು ಕೊಟ್ಟವನು ಅಂಗಡಿಯ ಮಾಲೀಕ, ಕಾರಣವಿಲ್ಲದೆ ಕೊಟ್ಟವನೂ ಅಲ್ಲ. ಸಂಜೆ ಎಲ್ಲರೂ ಚಪ್ಪಲಿ ಮೆಟ್ಟಿ ಬೀದಿಗಿಳಿದ ಮೇಲೆ ಇವಳು ಒಳಗೋಡಿ ಇಸ್ತ್ರಿಪೆಟ್ಟಿಗೆಯ ವೈರು ಕಿತ್ತಿದೆಯೇ ಎಂದು ನೋಡಿಬರಬೇಕು. ಬೀಗ ಹಾಕಿ ಬೀದಿ ತಿರುವು ದಾಟುವಷ್ಟರಲ್ಲಿ ಮತ್ತೆ ಅನುಮಾನ. "ಸುಟ್ಟುಹೋದ್ರೆ ನನ್ನ ಅಂಗಡಿ ಸುಟ್ಟುಹೋಗತ್ತೆ, ನಿನ್ನ ಗಂಟೇನು ಹೋಗತ್ತೆ ತಾಯಿ?" ಎಂದು ಮಾಲೀಕ ರೇಗುತ್ತಿದ್ದ. ಆದರೂ ಬೀಗದ ಕೈಯನ್ನು ಅವನು ಇನ್ನೊಬ್ಬರಿಗೆ ಕೊಟ್ಟದ್ದಿಲ್ಲ.

ಮದುವೆಯಾಗದೆ ಅಕ್ಕನ ಮನೆಯಲ್ಲೇ ಉಳಿದವಳು ಅವಳು. ಅಕ್ಕ ಬಿಸ್ಕತ್ತು ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದಳು, ಭಾವ ಲಾರಿ ಓಡಿಸುತ್ತ ವಾರಗಟ್ಟಲೆ ಹೊರಗಿರುತ್ತಿದ್ದ. ಹೀಗಾಗಿ ಅಕ್ಕನ ಒಬ್ಬಳೇ ಮಗಳು ಬೆಳೆದದ್ದು ಇವಳ ಮಡಿಲಲ್ಲಿ. ಮಗು ಹೊಸಿಲು ದಾಟುವಾಗ ಒಂದು ಭಯ, ಮೆಟ್ಟಿಲಿಳಿಯುವಾಗ ಇನ್ನೊಂದು. ಬೀದಿನಾಯಿ, ಗುಡುಗು, ಲಿಫ್ಟು, ಎಲ್ಲವೂ ತನ್ನ ಮಗುವಿಗಾಗಿಯೇ ಹೊಂಚು ಹಾಕಿ ಕೂತಿವೆ ಎಂಬಂತೆ ನಡೆದುಕೊಳ್ಳುತ್ತಿದ್ದಳು. ಇನ್ನು ಕಡಲೆಂದರೆ ಕೇಳುವುದೇ ಬೇಡ, ಹೆಸರೆತ್ತಿದರೆ ಸಾಕು, ಜೀವ ಹಾರಿಹೋಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡದು ರುಚಿ ನೋಡುವ ಗೀಳು. ಮಗು ಇನ್ನೂ ತೊದಲು ಮಾತಾಡುತ್ತಿದ್ದಾಗ ಒಮ್ಮೆ ಬಿಸಿ ಹಾಲು ಕುಡಿದು ನಾಲಿಗೆ ಸುಟ್ಟುಕೊಂಡಿತ್ತು. ಅಂದಿನಿಂದ ಅನ್ನವಾಗಲಿ, ನೀರಾಗಲಿ, ಹಣ್ಣಿನ ಹೋಳಾಗಲಿ, ಇವಳ ಬಾಯಿ ಮುಟ್ಟದೆ ಮಗುವಿನ ಬಾಯಿಗೆ ಹೋಗುವಂತಿರಲಿಲ್ಲ. ಕೆಮ್ಮಿನ ಔಷಧಿಯನ್ನೂ ಬಿಟ್ಟವಳಲ್ಲ. "ಮಗುವಿಗೆ ಅರ್ಧ ಹೊಟ್ಟೆ, ನಿನಗೆ ಒಂದೂವರೆ ಹೊಟ್ಟೆ," ಎಂದು ಅಕ್ಕ ನಗುತ್ತಿದ್ದಳು. ಇವಳು ನಗುತ್ತಿರಲಿಲ್ಲ. ಇಂಥ ಪ್ರೀತಿಯನ್ನು ನೋಡಿ ನಗಬೇಕೋ ಅಳಬೇಕೋ ನನಗಂತೂ ಗೊತ್ತಾಗುವುದಿಲ್ಲ.

ಮಗುವಿಗೆ ಆರು ತುಂಬಿದ ವರ್ಷ, ಶಾಲೆಗೆ ರಜೆ ಬಂದಾಗ, ಕಡಲ ದಡದ ಸಸ್ಯತೋಟ ನೋಡಬೇಕೆಂದು ಅದು ಹಟ ಹಿಡಿಯಿತು. ತರಗತಿಯವರೆಲ್ಲ ನೋಡಿದ್ದರಂತೆ. ಅಕ್ಕನಿಗೆ ಪಾಳಿ ಬಿಡಿಸಿಕೊಳ್ಳಲು ಆಗಲಿಲ್ಲ. "ನೀನೇ ಕರ್ಕೊಂಡು ಹೋಗು," ಎಂದಳು. "ನಿನ್ನ ಜೊತೆ ಕಳಿಸೋಕೆ ನನಗೇನು ಭಯ? ಭಯವನ್ನೆಲ್ಲ ನೀನೇ ಗುತ್ತಿಗೆ ಹಿಡಿದಿದ್ದೀಯಲ್ಲ!"

ಹೋದರು. ಟಿಕೆಟ್ ಕೊಟ್ಟ ಹುಡುಗಿ, "ಕಡಲ ಗೋಡೆ ಪಕ್ಕದ ದಾರೀಲಿ ಹೋಗಿ, ಎಲ್ಲ ಮರಕ್ಕೂ ಬೋರ್ಡು ಆ ಕಡೆಗೇ ಇದೆ," ಎಂದು ಹೇಳಿದಳು. ಗೋಡೆಯಾಚೆ ಅಲೆ ಅಪ್ಪಳಿಸಿ ಹನಿ ಮೇಲೆ ಹಾರುತ್ತಿತ್ತು. ಅದನ್ನು ಕಂಡದ್ದೇ ತಡ, ಪುಕ್ಕಲಮ್ಮ ಮಗುವಿನ ಕೈ ಬಿಗಿಹಿಡಿದು ಮರಗಳ ಹಿಂಬದಿಯ ಕಾಲುದಾರಿಗೆ ಇಳಿದಳು. ಅದು ಮಾಲಿಗಳು ಗೊಬ್ಬರದ ಗಾಡಿ ತಳ್ಳುವ ದಾರಿ. ಅಲ್ಲಿ ಬೋರ್ಡೂ ಇರಲಿಲ್ಲ, ಜನವೂ ಇರಲಿಲ್ಲ. ಅಲೆಯಿಲ್ಲದ ಮೇಲೆ ಇನ್ನೇನು ಬೇಕು ಎಂದು ಅವಳು ನಿರಾಳವಾಗಿ ಒಂದು ಕಲ್ಲುಬೆಂಚಿನ ಮೇಲೆ ಕೂತಳು.

ಬೆಂಚಿನ ಮೇಲೆ ನೆರಳು ಚೆಲ್ಲಿದ್ದವು ಎರಡು ಮರಗಳು. ಒಂದೇ ಎತ್ತರ, ಒಂದೇ ಬಗೆಯ ಹೊಳೆವ ಎಲೆ, ಕೊಂಬೆಗೆ ಕೊಂಬೆ ಹೆಣೆದುಕೊಂಡಿದ್ದವು. ಕೆಳಗೆಲ್ಲ ಹಸಿರು ಹಳದಿಯ ಪುಟ್ಟ ಹಣ್ಣು. ಗಮಗಮ ವಾಸನೆ. ಮಗು ಮರದ ಸುತ್ತ ಓಡಾಡಿ, ಆರಿಸಿ, ಉಜ್ಜಿ, ಕೊನೆಗೊಂದು ಹಣ್ಣು ತಂದು ಇವಳ ಕೈಗಿಟ್ಟಿತು.

"ತಿನ್ನು ಚಿಕ್ಕಮ್ಮ, ಚೆನ್ನಾಗಿದೆ."

ಅವಳು ನೀರಿನಲ್ಲಿ ತೊಳೆದಳು, ಮೂಸಿದಳು, ಒಂದು ಚೂರು ಕಚ್ಚಿದಳು. ಸಿಹಿ. ಹುಳುಕಿಲ್ಲ, ಒಗರಿಲ್ಲ. ಉಳಿದದ್ದನ್ನು ಮಗುವಿಗೆ ಕೊಟ್ಟಳು. ಮಗು ಚಪ್ಪರಿಸಿ ತಿಂದು, ಕಡಲ ಗೋಡೆಯತ್ತ ಓಡಿ, ನಡುವಿನ ದಿಂಡನ್ನು ಆಚೆ ಎಸೆಯಿತು. ಇವಳು ಕಿಟಾರನೆ ಕಿರುಚಿ ಹಿಂದೆಯೇ ಓಡಿ ರಟ್ಟೆ ಹಿಡಿದೆಳೆದಳು. "ಏಡಿಗೆ ಕೊಟ್ಟೆ," ಎಂದಿತು ಮಗು.

ಆಗಲೇ ಗೋಡೆಯ ಪಕ್ಕದ ದಾರಿಯಲ್ಲಿ ಒಂದು ಗುಂಪು ಬಂತು. ಮುಂದೆ ಊರುಗೋಲು ಹಿಡಿದ ಒಬ್ಬ ಹಿರಿಯ, ತೋಟದ ಕಥೆ ಹೇಳುವವನು. ಅದೇ ಎರಡು ಮರಗಳ ಎದುರು ಗುಂಪನ್ನು ನಿಲ್ಲಿಸಿದ. ಪುಕ್ಕಲಮ್ಮನೂ ಮಗುವನ್ನು ಹಿಡಿದುಕೊಂಡೇ ಕೇಳುತ್ತ ನಿಂತಳು.

"ಈ ತೋಟ ಶುರುವಾಗಿದ್ದೇ ಈ ಜೋಡಿಯಿಂದ," ಎಂದ ಅವನು. "ಹಾಯಿಹಡಗಿನ ಕಾಲ. ಒಬ್ಬ ಕಪ್ತಾನನ ಹಡಗಲ್ಲಿ ಒಂದು ಪದ್ಧತಿ ಇತ್ತು. ಗೊತ್ತಿಲ್ಲದ ದಡದಲ್ಲಿ ಏನೇ ಸಿಕ್ಕಿದ್ರೂ ಅಡುಗೆಯವನು ಮೊದಲು ರುಚಿ ನೋಡಬೇಕು. ಅವನು ಕಪ್ತಾನನ ಸ್ವಂತ ತಮ್ಮ. ಒಂದು ದ್ವೀಪದಲ್ಲಿ ಹಣ್ಣು ಸಿಕ್ತು. ತಮ್ಮ ಕಚ್ಚಿ ನೋಡಿ, ಸಿಹಿಯಾಗಿದೆ, ತಿನ್ನಿ ಅಂದ. ಎಲ್ಲರೂ ತಿಂದ್ರು."

ಅವನು ಊರುಗೋಲಿನಿಂದ ಎಡಗಡೆಯ ಮರ ತೋರಿಸಿದ. ಕಾಂಡದ ಮೇಲೆ ಕೆಂಪು ಬಣ್ಣದ ಪಟ್ಟಿ, ಕೆಳಗೆ ಬೋರ್ಡು. ಎರಡೂ ಗೋಡೆಯ ಕಡೆಗೇ ಮುಖ ಮಾಡಿದ್ದವು.

"ಇದರ ಮೋಸ ಅದೇ ನೋಡಿ. ಬಾಯಿಗೆ ಸಿಹಿ. ಉರಿ ಶುರುವಾಗೋದು ಆಮೇಲೆ. ಸಂಜೆ ಹೊತ್ತಿಗೆ ಗಂಟಲು ಕಟ್ಟಿ ಹಡಗಲ್ಲಿ ಅರ್ಧ ಜನ ಹೋದ್ರು. ತಮ್ಮನೂ ಹೋದ. ಕಪ್ತಾನ ಕಡಲನ್ನೇ ಬಿಟ್ಟ. ಈ ಉಪ್ಪು ನೆಲ ಕೊಂಡು, ವಿಷದ ಮರವನ್ನೂ ಅದರ ಹಾಗೇ ಕಾಣೋ ಒಳ್ಳೇ ಮರವನ್ನೂ ಪಕ್ಕಪಕ್ಕದಲ್ಲಿ ಹಾಕಿದ. ಎರಡನ್ನೂ ಒಟ್ಟಿಗೆ ನೋಡಿದ್ರೆ ಮಾತ್ರ ಜನ ಕಲೀತಾರೆ ಅಂತ ಅವನ ನಂಬಿಕೆ. ಹುಚ್ಚು ಅಂತ ಎಲ್ಲರೂ ನಕ್ಕರಂತೆ."

ಗುಂಪಿನಲ್ಲಿ ಯಾರೋ ನಕ್ಕರು. ಪುಕ್ಕಲಮ್ಮನ ನಾಲಿಗೆಯ ಪಸೆ ಆರಿಹೋಯಿತು. ಅದು ಆರಿದ್ದು ಭಯಕ್ಕೋ ವಿಷಕ್ಕೋ ಅವಳಿಗೆ ಗೊತ್ತಾಗಲಿಲ್ಲ. ತಾನು ಸತ್ತರೆ ಸಾಯಲಿ. ಆದರೆ ಸಿಹಿಯಾಗಿದೆ ಎಂದುಕೊಂಡು ಮಗುವಿಗೆ ತಿನ್ನಿಸಿದವಳು ತಾನೇ ಅಲ್ಲವೇ?

"ಅಣ್ಣಾ," ಎಂದಳು. ನಗೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಮತ್ತೆ ಕೂಗಿದಳು. "ಅಣ್ಣಾ, ನಾವು ತಿಂದ್ವಿ. ಹಿಂದಿನಿಂದ ಬಂದ್ವಿ. ಬೋರ್ಡು ಕಾಣ್ಲಿಲ್ಲ."

ಹಿರಿಯನ ಮುಖ ಬಿಳಿಚಿತು. "ಒಳಗೆ ಗಟ್ಟಿ ಓಟೆ ಇತ್ತಾ, ಸಣ್ಣ ಬೀಜ ಇದ್ವಾ? ಓಟೆ ಇದ್ರೆ ವಿಷ. ಸಣ್ಣ ಬೀಜ ಆದ್ರೆ ಭಯ ಇಲ್ಲ. ನೆನಪು ಮಾಡ್ಕೊಳ್ಳಮ್ಮ!"

ನೆನಪಾಗಲಿಲ್ಲ. ನೋಡಿಯೇ ಇರಲಿಲ್ಲ. ಮಗುವನ್ನು ಕೇಳಿದರೆ ಅದು ಅಳುವುದಕ್ಕೆ ಶುರುವಿಟ್ಟಿತು. ದಿಂಡು ಗೋಡೆಯಾಚೆ ಬಂಡೆಗಳ ಮೇಲಿತ್ತು, ಅಲೆ ಕೊಂಡೊಯ್ಯದೆ ಇದ್ದರೆ. "ಆಂಬುಲೆನ್ಸಿಗೆ ಫೋನ್ ಮಾಡ್ರಪ್ಪ ಯಾರಾದ್ರೂ! ಗೇಟಿಂದ ಹುಡುಗರನ್ನ ಕರೀರಿ, ಕೆಳಗೆ ಇಳೀಬೇಕು," ಎಂದು ಹಿರಿಯ ಕೂಗುತ್ತಿದ್ದಂತೆಯೇ ಅವಳು ಮಗುವಿನ ಕೈಯನ್ನು ಅವನ ಕೈಗಿತ್ತು ಗೋಡೆಯ ಪಾಚಿ ಮೆಟ್ಟಿಲಿಗೆ ಕಾಲಿಟ್ಟಾಗಿತ್ತು.

ಕೂತುಕೊಂಡೇ ಇಳಿದಳು. ಮೊದಲ ಅಲೆ ಮೊಣಕಾಲಿಗೆ ಹೊಡೆದಾಗ ಬಂಡೆಯನ್ನು ತಬ್ಬಿ ಕಣ್ಣು ಮುಚ್ಚಿದಳು. ಮುಚ್ಚಿದರೆ ಹುಡುಕುವುದು ಹೇಗೆ? ತೆರೆದಳು. ಚಿಪ್ಪು, ಗಾಜಿನ ಚೂರು, ಹಗ್ಗದ ತುಂಡು. ಕೈ ಕೊಯ್ದು ರಕ್ತ ಬಂದದ್ದು ಗೊತ್ತಾಗಲಿಲ್ಲ. ಎರಡು ಬಂಡೆಗಳ ಸಂದಿಯಲ್ಲಿ ಒಂದು ಏಡಿ ನಿಜಕ್ಕೂ ಆ ದಿಂಡನ್ನು ಎಳೆದಾಡುತ್ತಿತ್ತು. ಕಸಿದುಕೊಂಡು ಹಲ್ಲಿನಿಂದ ಸೀಳಿ ನೋಡಿದಳು. ಅಂಗೈ ಮೇಲೆ ಸಾಸಿವೆಯಂಥ ಕಪ್ಪು ಬೀಜಗಳು ಉದುರಿದವು.

"ಸಣ್ಣ ಬೀಜ! ಸಣ್ಣ ಬೀಜ ಅಣ್ಣಾ!"

ಹೋದ ಜೀವ ಬಂದಂತಾಯಿತು. ಮೇಲೆ ಎಳೆದುಕೊಂಡವರು ಬೆನ್ನು ತಟ್ಟಿದರು, ಯಾರೋ ಟವೆಲು ಹೊದಿಸಿದರು. ಅವಳು ಒದ್ದೆ ಬಟ್ಟೆಯಲ್ಲೇ ಮಗುವನ್ನು ಎದೆಗವಚಿಕೊಂಡು ಅತ್ತಳು. ನಡುವೆ ನಗುವೂ ಬಂತು. ಮಗು ಮಾತ್ರ ನಗಲಿಲ್ಲ, ತುಟಿ ಉಜ್ಜಿಕೊಳ್ಳುತ್ತಿತ್ತು.

"ಚಿಕ್ಕಮ್ಮ, ಉರೀತಿದೆ."

ಕೆಳತುಟಿಯ ಮೇಲೆ ಒಂದು ಬೊಬ್ಬೆ ಎದ್ದಿತ್ತು.

"ಇದಲ್ಲ," ಎಂದಿತು ಮಗು ಬಿಕ್ಕುತ್ತ. "ಮೊದಲು ಇನ್ನೊಂದಿತ್ತು. ನೆಕ್ಕಿ ನೋಡ್ದೆ. ಅಂಟು ಅಂಟು ಹಾಲು ಬಂತು. ಉಗಿದುಬಿಟ್ಟೆ."

ಅಲ್ಲಿಂದ ಆಸ್ಪತ್ರೆಯವರೆಗಿನ ದಾರಿ ಅವಳಿಗೆ ನೆನಪಿಲ್ಲ. ಆಂಬುಲೆನ್ಸಿನಲ್ಲಿ ಮಗುವಿನ ಉಸಿರನ್ನು ಕೇಳುತ್ತ ತನ್ನ ಉಸಿರು ಬಿಡುವುದನ್ನೇ ಮರೆತಿದ್ದಳಂತೆ, ಹಾಗೆಂದು ಜೊತೆಗೆ ಬಂದಿದ್ದ ಹಿರಿಯ ಆಮೇಲೆ ಹೇಳಿದ. ಗಂಟಲು ಕಟ್ಟುತ್ತದೆಯೇ, ಇನ್ನೂ ಕಟ್ಟಿಲ್ಲವೇ, ಈಗ ಕಟ್ಟುತ್ತದೆಯೇ? ಡಾಕ್ಟರು ಬಾಯಿ ತೊಳೆಸಿ, ಟಾರ್ಚು ಬಿಟ್ಟು ಗಂಟಲು ನೋಡಿ, ಮುಲಾಮು ಹಚ್ಚಿ, ಸಂಜೆಯವರೆಗೂ ಕಣ್ಣಿಟ್ಟಿದ್ದು ಕೊನೆಗೆ ಹೇಳಿದರು: "ನುಂಗಿಲ್ಲ, ನಾಲಿಗೆ ತಾಗಿಸಿದ್ದಾಳೆ ಅಷ್ಟೆ. ಉಳ್ಕೊಂಡಳು."

ಕಾರ್ಖಾನೆಯ ಟೋಪಿಯಲ್ಲೇ ಓಡಿಬಂದ ಅಕ್ಕ, ಬೈಯಲು ಬಾಯಿ ತೆರೆದವಳು, ತಂಗಿಯ ಕೊಯ್ದ ಕೈ ನೋಡಿ, ಅದಕ್ಕೆ ಹಚ್ಚುವ ಔಷಧಿ ತರಲು ಹೋದಳು. ಮಂಚದ ಪಕ್ಕ ಇವರಿಬ್ಬರೇ ಉಳಿದರು.

"ಯಾಕೆ ಕಂದಾ ಬಾಯಿಗೆ ಹಾಕ್ಕೊಂಡೆ? ನಾನು ನೋಡಿ ಕೊಡ್ತಿರ್ಲಿಲ್ವಾ?"

ಮಗು ಊದಿದ ತುಟಿಯಲ್ಲೇ, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ ಹೇಳಿತು. "ನಿಂಗೆ ಕೊಡೋಕ್ಮುಂಚೆ ನಾನು ನೋಡ್ಬೇಕಲ್ಲ. ನಿಂಗೇನಾದ್ರೂ ಆದ್ರೆ?"

ಇಷ್ಟು ದಿನ ನಾಯಿಗೂ ಗುಡುಗಿಗೂ ಕಡಲಿಗೂ ಹೆದರಿದವಳಿಗೆ, ತನ್ನ ಹೆದರಿಕೆಯೇ ಮಗುವಿಗೆ ಅಂಟೀತು ಎಂದು ಒಂದು ದಿನವಾದರೂ ಹೆದರಿಕೆಯಾಗಿರಲಿಲ್ಲ.

ನರ್ಸು ಲೋಟದಲ್ಲಿ ತಣ್ಣನೆಯ ಹಾಲು ತಂದಿಟ್ಟಳು. ಅಭ್ಯಾಸಬಲದಿಂದ ಲೋಟ ಅವಳ ತುಟಿಯ ಹತ್ತಿರ ಬಂತು. ಮಗು ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಅವಳು ಲೋಟವನ್ನು ಇಳಿಸಿ, ರುಚಿ ನೋಡದೆಯೇ ಮಗುವಿನ ಕೈಗೆ ಕೊಟ್ಟಳು.

"ಕುಡಿ. ಚೆನ್ನಾಗಿರತ್ತೆ," ಎಂದು ನಕ್ಕಳು. ನಡುಗುವ ಕೈಯನ್ನು ಮಂಚದ ಕೆಳಗೆ, ಮಗುವಿಗೆ ಕಾಣದ ಹಾಗೆ ಇಟ್ಟುಕೊಂಡಿದ್ದಳು.