ಏಳನೇ ಗುಂಡಿಯ ಆಳ

ಮೊದಲು ಖರ್ಚು ಹೇಳಿಬಿಡುತ್ತೇನೆ. ಕಂಪ್ಲಿ ಹತ್ತಿರ ಕಾಲುವೆ ಕೆಳಗಿನ ಮೂರು ಎಕರೆ ಗದ್ದೆ ಹೋಯಿತು. ವರ್ಷಕ್ಕೆ ಎರಡು ಬೆಳೆ ಭತ್ತ ಕೊಡುತ್ತಿದ್ದ ನೆಲ. ಅದೂ ನನ್ನದಲ್ಲ, ನನ್ನ ಹೆಂಡತಿಗೆ ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಅದನ್ನು ಮಾರಿ ಸಂಡೂರು ಗುಡ್ಡದಲ್ಲಿ ಒಂದು ಮ್ಯಾಂಗನೀಸ್ ಗಣಿಗೆ ಅರ್ಧ ಪಾಲುದಾರನಾದೆ. ಯಾಕೆ ಎಂದರೆ, ಇಪ್ಪತ್ತೆರಡು ಅಡಿ ಆಳದ ಗುಂಡಿಯೊಂದಕ್ಕೆ ನಾನೇ ಇಳಿದು, ನನ್ನ ಕೈಯಿಂದಲೇ ಅದಿರು ಕಿತ್ತು ತಂದಿದ್ದೆ. ಆ ಗುಂಡಿ ಇಪ್ಪತ್ತೆರಡು ಅಡಿ ಇರಲಿಲ್ಲ. ಒಂಬತ್ತೇ ಅಡಿ ಇತ್ತು.

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ಪೂರ್ತಿ ಕೇಳದೆ ಎದ್ದು ಹೋಗುತ್ತಿದ್ದೆ. ದೆವ್ವ, ಗಾಳಿ, ಮಾಟ ಇವೆಲ್ಲ ಕೆಲಸವಿಲ್ಲದವರಿಗೆ ಎಂದು ನಂಬಿದ್ದವನು ನಾನು. ಹೊಸಪೇಟೆ ಚಿತ್ತವಾಡ್ಗಿಯ ಒಂದು ಕೋಣೆಯ ಮನೆಯಲ್ಲಿ ಹುಟ್ಟಿ, ರೈಲ್ವೆ ಸೈಡಿಂಗಿನಲ್ಲಿ ಅದಿರಿನ ಬುಟ್ಟಿ ಹೊತ್ತು, ಆಮೇಲೆ ಒಂದು ಹಳೇ ಲಾರಿ ಹಿಡಿದು, ಆಮೇಲೆ ಅದಿರನ್ನೇ ಕೊಂಡು ಮಾರುವ ಮಟ್ಟಕ್ಕೆ ಬಂದವನಿಗೆ ತೂಕಕ್ಕೆ ಬರದ ವಸ್ತುವಿನ ಮೇಲೆ ನಂಬಿಕೆ ಹೇಗೆ ಬರಬೇಕು? ಒಂದು ಹೆಂಟೆ ಅದಿರನ್ನು ಅಂಗೈಯಲ್ಲಿ ಆಡಿಸಿ ಮ್ಯಾಂಗನೀಸ್ ಇಷ್ಟು ಪರ್ಸೆಂಟ್ ಎಂದು ಹೇಳುತ್ತಿದ್ದೆ. ಲ್ಯಾಬಿನ ಕಾಗದ ಬಂದಾಗ ಒಂದೋ ಎರಡೋ ಆಚೀಚೆ ಇರುತ್ತಿತ್ತು, ಅಷ್ಟೇ.

ಆಗ ಕಾಲುವೆ ನೀರು ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಕಂಪ್ಲಿ ಕಡೆಯವರ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ನನಗೆ ಮಾತ್ರ ಇನ್ನೊಬ್ಬರ ಅದಿರು ಹೊತ್ತು ಸಾಕಾಗಿತ್ತು, ನನ್ನದೇ ಒಂದು ಗುಡ್ಡ ಬೇಕು ಅನ್ನಿಸಿತ್ತು. ಸಂಡೂರಿನ ಆಚೆ ಒಬ್ಬರ ಹತ್ತಿರ ಗಣಿ ಲೀಸ್ ಇತ್ತು, ನಡೆಸುವ ಶಕ್ತಿ ಇರಲಿಲ್ಲ. ಅರ್ಧ ಪಾಲು ಕೊಡುತ್ತೇನೆ, ಬೇಕಾದರೆ ನಿಮ್ಮ ಖರ್ಚಿನಲ್ಲಿ ಗುಂಡಿ ತೋಡಿಸಿ ನೋಡಿಕೊಳ್ಳಿ ಎಂದರು. ನಾನು ಹನ್ನೊಂದು ಗುಂಡಿ ಗುರುತು ಮಾಡಿ, ಪ್ರತಿಯೊಂದರ ಪಕ್ಕ ಒಂದು ಕಲ್ಲಿಗೆ ಸುಣ್ಣದಲ್ಲಿ ನಂಬರ್ ಬರೆಸಿದೆ.

ತೋಡಲು ಬಂದದ್ದು ವಡ್ಡು ಗ್ರಾಮದ ಓಬಳೇಶನ ಗುಂಪು. ಈ ಕೆಲಸದಲ್ಲಿ ಕೂಲಿ ಅಡಿ ಲೆಕ್ಕ. ಮೊದಲ ಹತ್ತು ಅಡಿಗೆ ಒಂದು ದರ. ಅದರ ಕೆಳಗೆ ಮಣ್ಣನ್ನು ಹಗ್ಗದಲ್ಲಿ ಮೇಲೆ ಎಳೆಯಬೇಕಲ್ಲ, ಆದ್ದರಿಂದ ದರ ಏರುತ್ತಾ ಹೋಗುತ್ತದೆ. ಇದು ನೆನಪಿರಲಿ.

ಕಲ್ಲಿನ ವಿಷಯ ತಿಳಿದವರು ಅಂತ ಜೊತೆಗೆ ವೆಂಕೋಬರಾಯರು ಇದ್ದರು. ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು. ನಲವತ್ತು ದಾಟಿದ್ದರೂ ಸಂಡೂರಿನ ಅದಿರಿನ ಮೇಲೆ ಪಿಎಚ್‌ಡಿಗೆ ಸಂಶೋಧನೆ ಮಾಡುತ್ತಿದ್ದರು. ರಜೆ ಬಂದರೆ ಸುತ್ತಿಗೆ, ಚೀಲ ಹಿಡಿದು ಹೊಸಪೇಟೆಗೆ ಬರುವರು. ನಮ್ಮ ಒಪ್ಪಂದ ಸರಳ. ಜೀಪು, ಊಟ ನನ್ನದು. ಅವರ ಕಣ್ಣು ನನ್ನ ಗುಂಡಿಗಳಿಗೆ. ಗುಂಡಿಯಿಂದ ಅವರಿಗೆ ಬೇಕಾದ ಸ್ಯಾಂಪಲ್ ಅವರು ಒಯ್ಯಬಹುದು.

ಏಪ್ರಿಲ್ ಕೊನೆ. ಬೆಳಿಗ್ಗೆ ಓಬಳೇಶನ ಲೆಕ್ಕ ಮುಗಿಸಲು ಕೂತೆ. ಏಳನೇದು ಎಷ್ಟಾತೋ ಎಂದೆ.

"ಒಂಬತ್ತು ಅಡಿ ಆಗೈತ್ರಿ ಸಾವ್ಕಾರ್ರೆ. ಬರೇ ಬೆಳ್ಳನ್ ಹಲ್ಗಿ ಕಲ್ಲು ಬರಕತ್ತೈತಿ. ಅದಿರಿನ ವಾಸ್ನಿನೂ ಇಲ್ಲ. ಸುಮ್ನ ಯಾಕ ರೊಕ್ಕ ಹಾಳು ಅಂತ ಬಿಟ್ವಿ."

"ನನ್ನ ರೊಕ್ಕದ ಮ್ಯಾಲ ನಿನಗ್ಯಾವಾಗ ಕಾಳಜಿ ಬಂತಲೇ?" ಎಂದು ನಕ್ಕು, ಒಂಬತ್ತು ಅಡಿಗೆ ಕೂಲಿ ಕೊಟ್ಟೆ. ಅಳೆಯಲು ಹೋಗಲಿಲ್ಲ. ತೋಡುವವರು ಹೆಚ್ಚು ಹೇಳಿದರೆ ತಾನೇ ಅಳೆಯುವುದು.

ಮಧ್ಯಾಹ್ನ ಅವರೆಲ್ಲ ಬುತ್ತಿ ಬಿಚ್ಚಲು ಕೆಳಗಿನ ಹುಣಸೆ ಮರದ ಹತ್ತಿರ ಹೋದರು. ಗುಂಡಿಯೊಳಗೆ ನೋಡಬೇಕಾದರೆ ಅದೇ ಹೊತ್ತು. ಸೂರ್ಯ ನೆತ್ತಿಯ ಮೇಲಿದ್ದಾಗ ಮಾತ್ರ ಬೆಳಕು ತಳ ಮುಟ್ಟುತ್ತದೆ. ಉಳಿದ ಗುಂಡಿಗಳನ್ನು ಅದಾಗಲೇ ನೋಡಿದ್ದೆವು. ಏಳನೇದನ್ನೂ ನೋಡಿಬಿಡೋಣ ಎಂದು ನಾನು ಇಳಿದೆ. ಗುಂಡಿಯ ಎರಡು ಗೋಡೆಗೂ ಕಾಲಿಡಲು ಗೂಡು ಕೊರೆದಿರುತ್ತಾರೆ. ಒಂದು ಕಾಲು ಈ ಗೋಡೆಗೆ, ಒಂದು ಆ ಗೋಡೆಗೆ ಇಟ್ಟು ಇಳಿಯಬೇಕು. ಇಳಿದೆ, ಇಳಿದೆ, ಇಳಿಯುತ್ತಲೇ ಇದ್ದೆ. ಮೊದಲು ಬಿಳಿ ಕಲ್ಲು. ತಲೆಯ ಮೇಲಿನ ಬೆಳಕು ಕರವಸ್ತ್ರದಷ್ಟಾದ ಮೇಲೆ ಗೋಡೆ ಕಪ್ಪಾಯಿತು. ಕೈ ಹಚ್ಚಿದರೆ ಮಸಿ ಬಳಿದಂತೆ ಬೆರಳಿಗೆ ಹತ್ತಿತು. ಒಂದು ತುಂಡು ಕಿತ್ತು ಅಂಗೈಯಲ್ಲಿ ಆಡಿಸಿದೆ. ಒಳ್ಳೇ ಮಾಲು.

ಭಯವೇನೂ ಆಗಲಿಲ್ಲ ಎಂದು ಹೇಳಲೇಬೇಕು. ಚಳಿ ಹತ್ತಲಿಲ್ಲ, ಶಬ್ದ ಕೇಳಲಿಲ್ಲ, ಕೂದಲು ನಿಮಿರಲಿಲ್ಲ. ನನಗೆ ಆದದ್ದು ಖುಷಿ.

ಮೇಲಿಂದ ರಾಯರು ಹಗ್ಗದಲ್ಲಿ ಚೀಲ, ಉಳಿ, ಸುತ್ತಿಗೆ ಇಳಿಬಿಟ್ಟರು. ಕಪ್ಪು ಶುರುವಾದ ಕಡೆಯಿಂದ ತಳದವರೆಗೆ ಗೋಡೆಯಲ್ಲಿ ಒಂದೇ ಅಗಲಕ್ಕೆ ಸೀಳು ಹೊಡೆದು, ಬಿದ್ದ ಚೂರೆಲ್ಲ ತುಂಬಿ ಕಳಿಸಿದೆ. ಸ್ಯಾಂಪಲ್ ತೆಗೆಯುವ ಸರಿಯಾದ ಕ್ರಮ ಅದು. ಚೆಂದ ಕಂಡ ಕಲ್ಲನ್ನೇ ಆರಿಸಬಾರದು. ಆಮೇಲೆ ನಾನು ಹತ್ತಿ, ರಾಯರು ಇಳಿದರು. ಅಳತೆ ಟೇಪಿನ ಒಂದು ತುದಿ ಗುಂಡಿಯ ಬಾಯಿಯಲ್ಲಿ ನಾನು ಹಿಡಿದಿದ್ದೆ. "ಇಪ್ಪತ್ತೆರಡು, ಸಾವ್ಕಾರ್ರೆ!" ಎಂದು ಕೆಳಗಿನಿಂದ ಕೂಗಿದರು. "ಹದಿನಾಕರಿಂದ ಅದಿರು!" ಮೇಲೆ ಬಂದವರೇ ತಮ್ಮ ಅಳತೆ ಪುಸ್ತಕದಲ್ಲಿ ಬರೆದುಕೊಂಡರು.

ಇಲ್ಲಿ ನನ್ನ ಬುದ್ಧಿ ಹೇಗೆ ಓಡಿತು ನೋಡಿ. ಓಬಳೇಶ ಒಂಬತ್ತಕ್ಕೆ ಕೂಲಿ ಇಸ್ಕೊಂಡಿದ್ದಾನೆ, ಗುಂಡಿ ಇಪ್ಪತ್ತೆರಡು ಇದೆ. ಪಾಪ, ಯಾವುದೋ ಗುಂಡಿಯ ಲೆಕ್ಕ ಯಾವುದಕ್ಕೋ ಹಾಕಿಕೊಂಡು ಮರೆತಿದ್ದಾನೆ. ಹದಿಮೂರು ಅಡಿ, ಅದರಲ್ಲಿ ಹನ್ನೆರಡು ಅಡಿ ಏರಿದ ದರದ್ದು, ನನಗೆ ಪುಕ್ಕಟೆ! ರಾಯರ ಕೈ ಹಿಡಿದು, "ಮೇಷ್ಟ್ರೇ, ಆಳದ ಮಾತು ಇಲ್ಲೇ ಇರಲಿ, ಅವನ ಮುಂದ ಬಾಯಿ ಬಿಡಬ್ಯಾಡ್ರಿ" ಎಂದೆ. ಅವರು ಮುಖ ಹುಳ್ಳಗೆ ಮಾಡಿಕೊಂಡರು, ಆದರೆ ಒಪ್ಪಿದರು. ಜೀಪು ನನ್ನದಲ್ಲವೇ. ಅವನಿಗೆ ನೆನಪಾಗುವ ಮೊದಲೇ ಅವತ್ತೇ ಕೆಲಸ ಮುಗಿಯಿತೆಂದು ಗುಂಪನ್ನು ಕಳಿಸಿದೆ. ದನ ಬೀಳದಿರಲೆಂದು ಗುಂಡಿಯ ಬಾಯಿಗೆ ನಾನೂ ರಾಯರೂ ಜಾಲಿ ಮುಳ್ಳಿನ ಕಂಟಿ ಎಳೆದು ಮುಚ್ಚಿದೆವು. ಆಮೇಲೆ ಬೇಕೆಂದೇ ಆ ಕಡೆ ಸುಳಿಯಲಿಲ್ಲ. ನಾನು ಮತ್ತೆ ಮತ್ತೆ ಏಳನೇ ಗುಂಡಿಗೆ ಹೋದರೆ ಸುದ್ದಿ ವಡ್ಡುವಿಗೆ ಮುಟ್ಟುತ್ತದೆ, ಅವನು ಟೇಪು ಹಿಡಿದು ಬರುತ್ತಾನೆ.

ಸ್ಯಾಂಪಲ್ಲನ್ನು ಪುಡಿ ಮಾಡಿ, ರಾಶಿ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರು ಪಾಲು ಉಳಿಸಿ ಉಳಿದದ್ದನ್ನು ಚೆಲ್ಲಿ, ಹೀಗೇ ಮತ್ತೆ ಮತ್ತೆ ಮಾಡಿ, ಕೊನೆಗೆ ಉಳಿದದ್ದನ್ನು ನನ್ನ ಅರಗಿನ ಮುದ್ರೆ ಹಾಕಿ ಎರಡು ಲ್ಯಾಬಿಗೆ ಕಳಿಸಿದೆ. ಒಂದು ಪಾಲು ರಾಯರು ತಮ್ಮ ಪರೀಕ್ಷೆಗೆ ಒಯ್ದರು. ಹದಿನೈದು ದಿನಕ್ಕೆ ಎರಡೂ ಕಾಗದ ಬಂದವು. ನನ್ನ ಅಂಗೈ ಹೇಳಿದ್ದನ್ನೇ ಎರಡೂ ಹೇಳಿದವು.

ಗದ್ದೆಯ ಮಾತು ತೆಗೆದಾಗ ನನ್ನ ಹೆಂಡತಿ ಗೌರಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಯಾರೋ ಹೇಳಿದ್ದೋ, ನೀವ ನೋಡಿದ್ದೋ?"

"ನಾನ ಇಳಿದೀನಿ. ಕೈಲೆ ಮುಟ್ಟೀನಿ."

"ಹಂಗಾದ್ರ ಮಾರ್ರಿ."

ಅಷ್ಟೇ ಮಾತು. ಅಷ್ಟು ಸುಲಭವಾಗಿ ನನಗೆ ಯಾವ ವ್ಯಾಪಾರವೂ ಕುದುರಿರಲಿಲ್ಲ.

ಗದ್ದೆ ಮಾರಿ, ಪಾಲಿನ ಕಾಗದಕ್ಕೆ ಸಹಿ ಹಾಕಿ, ದುಡ್ಡು ಕೊಟ್ಟು, ಎರಡು ತಿಂಗಳ ಮೇಲೆ ಆಳು ಕರೆದುಕೊಂಡು ಗುಡ್ಡ ಹತ್ತಿದೆ. ಏಳನೇ ಗುಂಡಿಯ ಮೇಲೆ ನಾವು ಎಳೆದಿದ್ದ ಕಂಟಿ ಒಣಗಿ ಹಾಗೇ ಬಿದ್ದಿತ್ತು. ಸರಿಸಿದರೆ ತಳ ಅಲ್ಲೇ ಕಂಡಿತು. ಒಳಗೆ ನಿಂತು ಕೈ ಎತ್ತಿ ಒಮ್ಮೆ ನೆಗೆದರೆ ಬೆರಳು ಗುಂಡಿಯ ಬಾಯಿಗೆ ತಾಕುವಷ್ಟರಲ್ಲಿ ತಳ. ಅಳೆದೆ, ಒಂಬತ್ತು.

ಯಾರೋ ಮುಚ್ಚಿದ್ದಾರೆ ಎಂಬುದೇ ಮೊದಲ ಯೋಚನೆ. ಆದರೆ ತುಂಬಿದ ಮಣ್ಣು ಯಾವುದು, ಹುಟ್ಟಿದ ಕಲ್ಲು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಳ ಅಖಂಡ ಬಿಳಿ ಕಲ್ಲು, ಗುದ್ದಲಿ ಬಿಟ್ಟ ಗುರುತು ಹಾಗೇ ಇತ್ತು. ಗುಂಡಿ ತಪ್ಪಿರಬೇಕೆಂದು ಹನ್ನೊಂದನ್ನೂ ಅಳೆಸಿದೆ. ಅತಿ ಆಳದ್ದು ಹನ್ನೆರಡು ಅಡಿ. ಲೀಸಿನ ಮಾಲೀಕ ಮೋಸ ಮಾಡಿದನೇ ಎಂದರೆ, ಕಿತ್ತವನು ನಾನು, ಮುದ್ರೆ ಹಾಕಿದವನು ನಾನು. ಆಳವನ್ನು ಅವನಿಗೂ ಹೇಳಿರಲಿಲ್ಲ, ಪಾಲಿನ ದರ ಏರಿಸಿಯಾನು ಎಂದು.

ತೋಡಿದವನ ಬಾಯಿಂದಲೇ ಕೇಳೋಣ ಎಂದು ವಡ್ಡುವಿಗೆ ಹೋದೆ. ಓಬಳೇಶ ಮನೆ ಮುಂದೆ ಗುದ್ದಲಿಗೆ ಮರದ ಕಾವು ಹಾಕುತ್ತಿದ್ದ. ಬಾಯಿಗೆ ಬಾರದ ಮಾತನ್ನು ಬಲವಂತದಿಂದ ತಂದು, ಏಳನೇದು ಇಪ್ಪತ್ತೆರಡು ಅಡಿ ಇತ್ತು, ನಿನ್ನ ಹದಿಮೂರು ಅಡಿ ಕೂಲಿ ನನ್ನ ಹತ್ತಿರ ಉಳಿದಿದೆ, ತಗೋ ಎಂದೆ. ಅವನು ನನ್ನ ಮುಖ ನೋಡಿದ, ಹೆಂಡತಿಯನ್ನು ಕೂಗಿದ.

"ಏಯ್, ಬಾ ಇಲ್ಲಿ, ಸಾವ್ಕಾರ್ರು ತೋಡದ ಗುಂಡಿಗೆ ಕೂಲಿ ಕೊಡಕ ಬಂದಾರ!" ಆಮೇಲೆ ದನಿ ಇಳಿಸಿ, "ಮೈಯಾಗ ಆರಾಮ ಐತಿಲ್ರಿ? ಬಿಸಿಲಾಗ ಭಾಳ ತಿರುಗ್ಯಾಡಬ್ಯಾಡ್ರಿ. ಕುಂದ್ರಿ, ಮಜ್ಜಿಗಿ ಕುಡೀರಿ" ಎಂದ.

ದುಡ್ಡನ್ನು ಅವನ ಕೈಗೆ ತುರುಕಿದೆ. ಎಣಿಸಿಯೂ ನೋಡಲಿಲ್ಲ. "ಮಾಡದ ಕೆಲ್ಸದ ಕೂಲಿ ನಮಗ ದಕ್ಕಂಗಿಲ್ಲರಿ" ಎಂದು ವಾಪಸ್ ಕೊಟ್ಟ.

ನನ್ನ ಮಟ್ಟಿಗೆ ಅಲ್ಲಿಗೆ ಎಲ್ಲ ಲೆಕ್ಕವೂ ಮುಗಿಯಿತು. ಮೂವತ್ತು ವರ್ಷ ಕೂಲಿಯವರ ಜೊತೆ ಚೌಕಾಸಿ ಮಾಡಿದ್ದೇನೆ. ಇಪ್ಪತ್ತೆರಡು ಅಡಿ ತೋಡಿ ಒಂಬತ್ತಕ್ಕೆ ಕೂಲಿ ಕೇಳಿದವನನ್ನು ನೋಡಿಲ್ಲ, ಕೊಡಲು ಬಂದದ್ದನ್ನು ಬೇಡ ಅಂದವನನ್ನಂತೂ ನೋಡಿಯೇ ಇಲ್ಲ. ಗುಂಡಿಯನ್ನು ಯಾರೂ ಅಷ್ಟು ತೋಡಿರಲಿಲ್ಲ. ಇದು ಸತ್ಯ. ನಾನೂ ರಾಯರೂ ಅದಕ್ಕೆ ಇಳಿದಿದ್ದೆವು. ಇದೂ ಸತ್ಯ.

ಅದೇ ಗುಂಡಿಯನ್ನು ನಲವತ್ತು ಅಡಿಗೆ ಇಳಿಸಿದೆ. ಬಿಳಿ ಕಲ್ಲು. ಪಕ್ಕದಲ್ಲಿ ತೋಡಿದೆ, ಸುತ್ತಲೂ ತೋಡಿದೆ. ಬಿಳಿ ಕಲ್ಲು. ನಾಲ್ಕು ವರ್ಷ ಇದೇ ಆಯಿತು. ಆಮೇಲೆ ಸುಸ್ತಾಗಿ, ಸಿಕ್ಕ ಬೆಲೆಗೆ ಪಾಲು ಬಿಟ್ಟು ಮತ್ತೆ ಲಾರಿಗೆ ಬಂದೆ. ಗೌರಮ್ಮ ಒಂದು ದಿನವೂ ಜಗಳ ತೆಗೆಯಲಿಲ್ಲ. ಬೈದಾದರೂ ಬಿಡು ಎಂದು ನಾನೇ ಒಮ್ಮೆ ಕೇಳಿಕೊಂಡೆ. "ಸುಳ್ಳು ಹೇಳಿದ್ರ ಬೈತಿದ್ದೆ. ನೀವು ಸುಳ್ಳು ಹೇಳಿಲ್ಲ. ಏನಂತ ಬೈಲಿ?" ಎಂದಳು. ಅಂಗಡಿಯಿಂದ ಅಕ್ಕಿ ತರುವ ದಿನ ಮಾತ್ರ ಅವಳು ಮಾತು ಕಡಿಮೆ ಆಡುತ್ತಿದ್ದಳು.

ಗುಂಡಿ ಒಂಬತ್ತೇ ಅಡಿ ಎಂದು ರಾಯರಿಗೆ ಆಗಲೇ ತಿಳಿಸಿದ್ದೆ. ಕೆಲವು ವರ್ಷದ ಮೇಲೆ ಅವರು ಹೊಸಪೇಟೆಗೆ ಬಂದರು. ಪಿಎಚ್‌ಡಿ ಆಗಿತ್ತು. ರಟ್ಟು ಹಾಕಿಸಿದ ಪ್ರಬಂಧ ತೋರಿಸಿದರು. ಇಂಗ್ಲಿಷು ನನಗೆ ಬರುವುದಿಲ್ಲ, ಆದರೆ ಅಂಕಿ ಬರುತ್ತದೆ. ಗುಂಡಿಗಳ ಪಟ್ಟಿಯಲ್ಲಿ ಆರು ಆದ ಮೇಲೆ ಎಂಟು ಇತ್ತು. ಯಾಕೆ ಮೇಷ್ಟ್ರೇ ಎಂದೆ.

"ಒಂಬತ್ತು ಅಂತ ಬರದ್ರ ನನ್ನ ಅಳತಿ ಪುಸ್ತಕ ಸುಳ್ಳಾಗ್ತದ. ಇಪ್ಪತ್ತೆರಡು ಅಂತ ಬರದ್ರ ಗುಡ್ಡ ಸುಳ್ಳಾಗ್ತದ. ಅದಕ್ಕ ಆ ಗುಂಡೀನ ಬಿಟ್ಟೆ" ಎಂದು ಕಾಫಿ ಲೋಟ ತಿರುಗಿಸುತ್ತಾ ಕೂತರು. ಆ ಅದಿರನ್ನು ಅವರು ಬಗೆಬಗೆಯಲ್ಲಿ ಪರೀಕ್ಷಿಸಿದ್ದರಂತೆ. ಸಂಡೂರಿನ ಬೇರೆ ಗಣಿಗಳಲ್ಲಿ ಸಿಗುವಂಥದ್ದೇ, ಅದರಲ್ಲಿ ವಿಶೇಷವೇನೂ ಇಲ್ಲ ಎಂದರು. ವಿಶೇಷ ಏನಾದರೂ ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಇದರ ಅರ್ಥ ಏನೆಂದು ನನ್ನನ್ನು ಕೇಳಬೇಡಿ, ಯೋಚಿಸಿ ಯೋಚಿಸಿ ದಣಿದಿದ್ದೇನೆ. ಬಿಸಿಲಿಗೆ ಭ್ರಮೆ ಎಂದರೆ ಇಬ್ಬರಿಗೂ ಒಂದೇ ಭ್ರಮೆಯೇ? ಭ್ರಮೆಯನ್ನು ಎರಡು ಲ್ಯಾಬಿನವರು ಆಸಿಡ್ಡಿನಲ್ಲಿ ಕರಗಿಸಿ ಪರ್ಸೆಂಟ್ ಹೇಗೆ ಬರೆದರು? ನನಗೆ ಗೊತ್ತಿಲ್ಲ.

ಗೊತ್ತಿರುವುದು ಒಂದೇ, ಅದನ್ನು ಹೇಳುತ್ತೇನೆ. ನೀವು ಗಣಿಗೋ ಬಾವಿಗೋ ಮನೆಯ ಪಾಯಕ್ಕೋ ಗುಂಡಿ ತೋಡಿಸುವವರಾದರೆ, ಕೂಲಿ ಕೊಡುವ ಮೊದಲು ನೀವೇ ಇಳಿಯಿರಿ. ಮೇಲೆ ಬಂದ ಕೂಡಲೇ, ಎಷ್ಟು ಅಡಿ ಇಳಿದಿರಿ ಎಂಬುದನ್ನು ತೋಡಿದವನ ಎದುರಿಗೆ ಗಟ್ಟಿಯಾಗಿ ಹೇಳಿ. ಅವನು ಕೇಳಿದ್ದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನ ಕೂಲಿ ಅಲ್ಲೇ ಎಣಿಸಿ ಕೊಡಿ. ಇಸ್ಕೊಂಡರೆ ಒಳ್ಳೆಯದು. ಬೇಡ ಅಂದರೆ, ಅವನನ್ನೂ ಜೊತೆಗೆ ಕರೆದುಕೊಂಡು ಇನ್ನೊಮ್ಮೆ ಇಳಿಯಿರಿ.